ಅಳುವ ಹಾಡೆಂದು ಬದಿಗಿಡಬೇಡಿ



"ಅದೇನು ಅಳುಮೋರೆ ಹಾಡು ಕೇಳ್ತಾ ಕೂತಿದ್ದೀಯೋ, ಬೇರೆ ಏನಾದ್ರೂ ಹಾಕು!" ದಸರಾ ರಜೆಯಲ್ಲಿ ಮನೆಯಲ್ಲಿ ಈ ಮಾತನ್ನು ದಿನಕ್ಕೆರಡು ಸಲ ಕೇಳಿಸಿಕೊಂಡಿದ್ದೇನೆ. ನಾನು ಕೇಳುತ್ತಿದ್ದುದು ಇಂಗ್ಲೆಂಡಿನ ನಿಕ್ ಡ್ರೇಕ್ ಎಂಬ ಹಾಡುಗಾರನನ್ನು. ತಾನೇ ಹಾಡು ಕಟ್ಟಿ, ತಾನೇ ಗಿಟಾರ್ ನುಡಿಸಿಕೊಂಡು ಹಾಡಿದವನು. ಅವನು ಬದುಕಿದ್ದಾಗ ಹೊರಬಂದ ಆಲ್ಬಂ ಮೂರೇ ಮೂರು. ಮೂರನ್ನೂ ಸಾಲಾಗಿ, ಮತ್ತೆ ಮತ್ತೆ ಕೇಳಿದೆ. ಕೊನೆಯ ಆಲ್ಬಂ 'ಪಿಂಕ್ ಮೂನ್' ಅಂದರೆ ಬರೀ ದುಃಖ ಎಂದು ಬಹಳ ಜನ ಹೇಳ್ತಾರೆ. ಆ ತೀರ್ಪು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ.

ನಿಕ್ ಡ್ರೇಕ್ ಹುಟ್ಟಿದ್ದು 1948ರಲ್ಲಿ, ಬರ್ಮಾದ ರಂಗೂನಿನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯಲ್ಲಿ. ತಾಯಿ ಮಾಲಿ ಡ್ರೇಕ್ ಕೂಡ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಸ್ವಂತ ಹಾಡು ಕಟ್ಟುತ್ತಿದ್ದರು. ಕೇಂಬ್ರಿಡ್ಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗಲೇ ಅವನ ಮೊದಲ ಆಲ್ಬಂ ತಯಾರಾಯಿತು.

1969ರ ಆ ಆಲ್ಬಂ 'ಫೈವ್ ಲೀವ್ಸ್ ಲೆಫ್ಟ್'. ಇದರಲ್ಲಿ ಗಿಟಾರಿನ ಜೊತೆ ಪಿಟೀಲುಗಳ ಗುಂಪೂ ಇದೆ. ಹೆಚ್ಚಿನವನ್ನು ಹೊಂದಿಸಿದವನು ಅವನ ಕೇಂಬ್ರಿಡ್ಜಿನ ಗೆಳೆಯ ರಾಬರ್ಟ್ ಕರ್ಬಿ. 'ರಿವರ್ ಮ್ಯಾನ್' ಹಾಡನ್ನು ಬೆರಳು ಮಡಿಸಿ ಎಣಿಸಿ ನೋಡಿ. ಒಂದು ಸುತ್ತಿಗೆ ಐದು ಎಣಿಕೆ! ಲಲಿತ ರಗಳೆಗೆ ಪ್ರಸ್ತಾರ ಹಾಕುವಾಗ ಐದೈದು ಮಾತ್ರೆಗೆ ಗೆರೆ ಎಳೀತೀವಲ್ಲ, ಅದೇ ಲೆಕ್ಕ. ಸಾಗರದಾಚೆಯ ಹಾಡು ನಮ್ಮ ವ್ಯಾಕರಣದ ಪುಸ್ತಕಕ್ಕೆ ಹೊಂದಿದ್ದು ಕಂಡು ನನಗೆ ಖುಷಿಯಾಯಿತು.

ಎರಡನೆಯದು 1971ರ 'ಬ್ರೈಟರ್ ಲೇಟರ್'. ಡ್ರಮ್ಸು, ಸ್ಯಾಕ್ಸೋಫೋನು, ಕೊಳಲು ಎಲ್ಲಾ ಇದೆ. ಮೂರರಲ್ಲಿ ಇದೇ ಗೆಲುವಾಗಿ ಕೇಳಿಸುತ್ತೆ. ಆದರೆ ನನಗೆ ಇದೇ ಸ್ವಲ್ಪ ಸಪ್ಪೆ. ಮದುವೆ ಮನೆಯ ಬ್ಯಾಂಡಿನಲ್ಲಿ ಹಾಡುವವನ ದನಿ ಮುಚ್ಚಿಹೋದ ಹಾಗೆ, ಕೆಲವು ಕಡೆ ಇವನ ಮೆಲುದನಿ ಹಿಂದೆ ಸರಿಯುತ್ತದೆ. ಒಂದು ವಿಷಯ ಮಾತ್ರ ಹೇಳಲೇಬೇಕು. 'ಪೂರ್ ಬಾಯ್' ಹಾಡಿನಲ್ಲಿ ಇವನು ತನ್ನ ಗೋಳು ಹೇಳಿಕೊಂಡರೆ ಹಿಂದಿನಿಂದ ಹೆಂಗಸರ ಮೇಳ 'ಅಯ್ಯೋ ಪಾಪ' ಅನ್ನೋ ಹಾಗೆ ಛೇಡಿಸುತ್ತದೆ. ತನ್ನನ್ನು ತಾನೇ ನಗುವ ಬುದ್ಧಿ ಇದ್ದವನನ್ನು ಬರೀ ಅಳುಬುರುಕ ಅನ್ನಬಹುದೇ?

ಇನ್ನು 'ಪಿಂಕ್ ಮೂನ್'. 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ಸ್ಟುಡಿಯೋದಲ್ಲಿ ಎರಡು ರಾತ್ರಿ ಕೂತು ಮುಗಿಸಿದ. ಜೊತೆಗೆ ಇದ್ದವರು ಧ್ವನಿಮುದ್ರಣದ ಜಾನ್ ವುಡ್ ಮಾತ್ರ. 1972ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಪಿಟೀಲು ಇಲ್ಲ, ಡ್ರಮ್ಸ್ ಇಲ್ಲ. ಒಂದು ಗಂಟಲು, ಒಂದು ಗಿಟಾರು. ಮೊದಲ ಹಾಡಿನಲ್ಲಿ ಮಾತ್ರ ನಾಲ್ಕು ಹನಿ ಪಿಯಾನೋ, ಅದೂ ಅವನದೇ. ಹನ್ನೊಂದು ತುಣುಕು ಸೇರಿ 28 ನಿಮಿಷ. ನಮ್ಮ ಒಂದು ಪೀರಿಯಡ್ಡೂ ಆಗೋದಿಲ್ಲ. ಏಕತಾರಿ ಹಿಡಿದು ತತ್ವಪದ ಹಾಡುವವರನ್ನು ಕೇಳಿದವರಿಗೆ ಇದು ಹೊಸದಲ್ಲ. ಮೇಳ ಕಡಿಮೆಯಾದಷ್ಟೂ ಮಾತು ಹತ್ತಿರ ಬರುತ್ತದೆ.

ದೋಷ ಇಲ್ಲವೇ? ಇದೆ. 'ಹಾರ್ನ್' ಒಂದೂವರೆ ನಿಮಿಷವೂ ಇಲ್ಲ, ಶುರುವಾಯಿತು ಅನ್ನುವಷ್ಟರಲ್ಲಿ ಮುಗಿಯುತ್ತೆ. 'ನೋ' ಎಂಬ ಹಾಡಿನಲ್ಲಿ ಗುನುಗುವುದೇ ಹೆಚ್ಚು, ಮಾತು ನಾಲ್ಕೇ ಸಾಲು. ಕೆಲವು ಪದ ಗೊಣಗಿದ ಹಾಗೆ ಇದೆ, ನಾನು ನಿಘಂಟು ಇಟ್ಟುಕೊಂಡೂ ಸೋತೆ. ಆದರೆ 'ಥಿಂಗ್ಸ್ ಬಿಹೈಂಡ್ ದ ಸನ್' ಹಾಡಿನ ಗಿಟಾರು ಕೇಳಿ. ಒಬ್ಬನೇ ನುಡಿಸುತ್ತಿದ್ದಾನೆ ಎಂದರೆ ನಂಬೋಕಾಗಲ್ಲ. ಮನಸ್ಸು ಕುಗ್ಗಿದ್ದಿರಬಹುದು, ಕೈ ಮಾತ್ರ ಎಲ್ಲೂ ತಪ್ಪಿಲ್ಲ.

ಎಲ್ಲಕ್ಕಿಂತ ಮುಖ್ಯ, ಆಲ್ಬಂ ಮುಗಿಯುವುದು ಬೆಳಗಿನ ಹಾಡಿನಿಂದ: 'ಫ್ರಮ್ ದ ಮಾರ್ನಿಂಗ್'. ಅದರ ಮಾತುಗಳನ್ನೇ ಊರಿನ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಬರೀ ಕತ್ತಲೆ ಅನ್ನುವವರು ಕೊನೆಯ ಹಾಡಿನವರೆಗೆ ಕೂತಿಲ್ಲ ಅಂತ ನನ್ನ ಅನುಮಾನ.

ಹಾಗಾದರೆ ಈ ಹೆಸರು ಯಾಕೆ ಬಂತು? ನಿಕ್ ಡ್ರೇಕ್‌ಗೆ ಖಿನ್ನತೆಯ ಕಾಯಿಲೆ ಇತ್ತು. 1974ರ ನವೆಂಬರಿನಲ್ಲಿ, 26ನೇ ವಯಸ್ಸಿಗೇ ತೀರಿಕೊಂಡ. ಆಗ ಅವನ ಹಾಡು ಕೊಂಡವರು ಬಹಳ ಕಡಿಮೆ. 1999ರಲ್ಲಿ ಒಂದು ಕಾರಿನ ಜಾಹೀರಾತಿಗೆ 'ಪಿಂಕ್ ಮೂನ್' ಹಾಡು ಬಳಸಿದ ಮೇಲೆ ಎಷ್ಟೋ ಹೊಸ ಜನ ಹುಡುಕಿಕೊಂಡು ಬಂದರು. ಈಗ ಕೇಳುವವರಿಗೆ ಸಾವಿನ ಸುದ್ದಿ ಮೊದಲೇ ಗೊತ್ತು. ಆ ಸುದ್ದಿಯನ್ನೇ ಹಾಡಿನಲ್ಲಿ ಹುಡುಕುತ್ತಾರೆ. ಇದು ಕೊನೆಯ ಪುಟ ಮೊದಲು ಓದಿ ಕಥೆಗೆ ಅಂಕ ಹಾಕಿದ ಹಾಗೆ.

ನನ್ನ ಅಜ್ಜಿ ಬೀಸುವ ಪದ ಹೇಳ್ತಾರೆ. ಅದರಲ್ಲಿ ತವರಿನ ಸಂಕಟ, ಅಣ್ಣ ಬರಲಿಲ್ಲ ಎಂಬ ದುಃಖವೇ ತುಂಬಿದೆ. ಆದರೆ ಪದ ಮುಗಿಯುವಾಗ ಹಿಟ್ಟೂ ಆಗಿರುತ್ತೆ, ಅಜ್ಜಿಯ ಮುಖವೂ ಹಗುರ ಆಗಿರುತ್ತೆ. ದುಃಖದ ಹಾಡು ಎಲ್ಲರನ್ನೂ ಕುಗ್ಗಿಸೋದಿಲ್ಲ, ಹೊರೆ ಇಳಿಸುವುದೂ ಉಂಟು.

ಹಾಗಂತ ದುಃಖವನ್ನೇ ದೊಡ್ಡಸ್ತಿಕೆ ಮಾಡಬಾರದು. ಖಿನ್ನತೆ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು, ಜನ ಬೇಕು. ಒಳ್ಳೆ ಹಾಡು ಬಂದದ್ದು ಕಾಯಿಲೆಯಿಂದಲ್ಲ, ಅವನ ಅಭ್ಯಾಸದಿಂದ. ತರಗತಿಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿ ಕೂತಿದ್ದರೆ 'ಅಳುಮೋರೆ' ಅಂತ ಹೆಸರಿಡಬೇಡಿ. ಪಕ್ಕ ಕೂತು "ಏನಾಯ್ತೋ?" ಅಂತ ಕೇಳಿ. ಗುರುಗಳಿಗೆ ಹೇಳಿ.

ಮೊದಲ ಆಲ್ಬಂ ಹೆಚ್ಚು ಚೆಂದ, ಮೂರನೆಯದು ಹೆಚ್ಚು ಹತ್ತಿರ. ಇದು ನನ್ನ ತೀರ್ಪು. ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿ. ಆದರೆ 28 ನಿಮಿಷ ಪೂರ್ತಿ ಕೇಳಿ ಬರೆಯಿರಿ!

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ