ನೋಡದೆ ನುಡಿದ ತೀರ್ಪು

ಹೋದ ವರುಷ ಒಂದು ಬೆಳಗಿನ ಸಭೆಯಲ್ಲಿ ನಾವು ಒಂದು ವಿಡಿಯೋ ಆಟವನ್ನು ಕಟುವಾಗಿ ಖಂಡಿಸಿ ಮಾತನಾಡಿದೆವು. ಅದು ಎಳೆಯ ಮನಸ್ಸುಗಳನ್ನು ಕೆಡಿಸತಕ್ಕದ್ದೆಂದೂ ಅದರಲ್ಲಿ ಹೊಡೆದಾಟದ ಹೊರತು ಮತ್ತೇನೂ ಇಲ್ಲವೆಂದೂ ಹೇಳಿದೆವು. ಸಭೆ ಮುಗಿದ ಮೇಲೆ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, ಬಹಳ ವಿನಯದಿಂದ, “ಅಮ್ಮನವರೇ, ತಾವು ಅದನ್ನು ಆಡಿ ನೋಡಿದ್ದೀರಾ?” ಎಂದು ಕೇಳಿದಳು. ನಾವು ಆಡಿರಲಿಲ್ಲ, ಆಡುವವರ ಬಳಿ ಕುಳಿತು ನೋಡಿಯೂ ಇರಲಿಲ್ಲ. ಪತ್ರಿಕೆಯಲ್ಲಿ ಒಂದು ತಲೆಬರಹವನ್ನು ಓದಿದ್ದೆವು, ಅಷ್ಟೇ. ಇಪ್ಪತ್ತು ವರುಷಗಳಿಂದ ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದ ನಮಗೆ ಆ ಪ್ರಶ್ನೆಯು ಚೆನ್ನಾಗಿಯೇ ನಾಟಿತು. ಅಂದಿನಿಂದ, ಇಂಥ ಆಟಗಳ ಗುಣದೋಷಗಳನ್ನು ಬರೆಯುವವರು ಯಾವ ಕ್ರಮದಿಂದ ಬರೆಯುತ್ತಾರೆಂಬುದನ್ನು ಬಿಡುವಾದಾಗಲೆಲ್ಲ ವಿಚಾರಿಸುತ್ತ ಬಂದಿದ್ದೇವೆ.

ಆಟದ ವಿಷಯಕ್ಕೆ ಇಷ್ಟು ವಿಚಾರವೇಕೆಂದು ಕೆಲವರು ಕೇಳಬಹುದು. ದೊಡ್ಡ ಆಟವೊಂದನ್ನು ನೂರಾರು ಜನರು ಹಲವು ವರುಷ ದುಡಿದು ಸಿದ್ಧಪಡಿಸುತ್ತಾರೆ. ಅದರ ಬೆಲೆಯು ಸಾವಿರಾರು ರೂಪಾಯಿಗಳಾಗುವುದುಂಟು. ಕೊಳ್ಳುವವನಾದರೋ ಅದನ್ನು ಪುಸ್ತಕದಂತೆ ಅಂಗಡಿಯಲ್ಲಿ ನಿಂತು ಮಗುಚಿ ನೋಡಲಾರನು. ಹೀಗಿರಲು, ವಿಮರ್ಶಕನ ಮಾತೇ ಅವನಿಗೆ ಕಣ್ಣು.

ನಮ್ಮ ನಾಡಿನಲ್ಲಿ ಕಸೂತಿಯನ್ನು ಪರೀಕ್ಷಿಸುವ ಹಿರಿಯ ಹೆಂಗಸರು ಸೀರೆಯನ್ನು ಮೊದಲು ತಿರುವಿ ಹಿಂಭಾಗವನ್ನು ನೋಡುತ್ತಾರೆ. ಗವಂತಿಯಾಗಲಿ ಮುರ್ಗಿಯಾಗಲಿ ಎರಡು ಮಗ್ಗುಲೂ ಒಂದೇ ತೆರನಾಗಿರಬೇಕು; ಗಂಟು ಕಾಣಕೂಡದು. ಮುಂಭಾಗವನ್ನು ಮಾತ್ರ ತೋರಿಸಿ ಬೆಲೆ ಕಟ್ಟಿರೆಂದರೆ ಅವರು ಒಪ್ಪುವರೇ? ಆದರೆ 2020ರಲ್ಲಿ ನಡೆದದ್ದು ಇದೇ. ಪೋಲೆಂಡ್ ದೇಶದ ಸಿ.ಡಿ. ಪ್ರಾಜೆಕ್ಟ್ ಎಂಬ ಸಂಸ್ಥೆಯು ಆ ವರುಷ ಡಿಸೆಂಬರ್ 10ರಂದು ‘ಸೈಬರ್‌ಪಂಕ್ 2077’ ಎಂಬ ಆಟವನ್ನು ಹೊರತಂದಿತು. ಅದಕ್ಕೆ ಮುಂಚೆಯೇ 80 ಲಕ್ಷ ಪ್ರತಿಗಳಿಗೆ ಬೇಡಿಕೆ ಬಂದಿತ್ತು. ಬಿಡುಗಡೆಗೆ ಮೊದಲು ವಿಮರ್ಶಕರ ಕೈಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಆಟದ ಯಂತ್ರಗಳ ಪ್ರತಿಯನ್ನು ಕೊಡಲಿಲ್ಲ. ತಾವು ಆಡಿದಾಗ ಹಿಡಿದ ದೃಶ್ಯಗಳನ್ನು ಮುಂಚಿತವಾಗಿ ಪ್ರಕಟಿಸಕೂಡದೆಂಬ ಕಟ್ಟಳೆಯೂ ಇತ್ತು. ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಜಾಲತಾಣದಲ್ಲಿ ಆಗ ಅದಕ್ಕೆ ನೂರಕ್ಕೆ ತೊಂಬತ್ತರ ಸುಮಾರು ಬಂದಿತು. ಆ ಯಂತ್ರಗಳಿಗಾಗಿ ಕೊಂಡವರ ಪಾಡೇ ಬೇರೆ: ಚಿತ್ರಗಳು ತಡವರಿಸಿದವು, ಆಟವು ನಡುನಡುವೆ ನಿಂತುಹೋಯಿತು. ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆಯು ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ, ಹಣವನ್ನು ಹಿಂದಿರುಗಿಸಲು ಒಪ್ಪಿಕೊಂಡಿತು. 2021ರ ಜೂನ್‌ವರೆಗೂ ಆಟವು ಅಲ್ಲಿಗೆ ಮರಳಲಿಲ್ಲ. ತಯಾರಕರ ತಪ್ಪು ದೊಡ್ಡದು, ನಿಜ. ಆದರೆ “ನಾವು ಒಂದು ಮಗ್ಗುಲನ್ನು ಮಾತ್ರ ಕಂಡಿದ್ದೇವೆ” ಎಂಬ ಒಂದು ಸಾಲನ್ನು ಬರೆಯಲು ವಿಮರ್ಶಕರನ್ನು ಯಾರೂ ತಡೆದಿರಲಿಲ್ಲ. ಕೆಲವರು ಬರೆದರು, ಅವರಿಗೆ ನಮ್ಮ ಗೌರವವಿದೆ. ಬರೆಯದವರ ಅಂಕವೂ ಅದೇ ಸರಾಸರಿಯಲ್ಲಿ ಸೇರಿಹೋಯಿತು.

ಹೊಗಳಿಕೆಯಲ್ಲಿ ಮಾತ್ರವೇ ಈ ದೋಷವಿದೆಯೆಂದು ತಿಳಿಯಬಾರದು. ಅದೇ ವರುಷ ಜೂನ್ 19ರಂದು ‘ದಿ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗವು ಬಂದಿತು. ಅದನ್ನು ಪೂರೈಸಲು ಇಪ್ಪತ್ತು ಗಂಟೆಗಳಿಗೂ ಮಿಗಿಲಾಗಿ ಬೇಕು. ಆದರೂ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಆಟಗಾರರೆಂದು ಹೇಳಿಕೊಂಡ ಸಾವಿರಾರು ಮಂದಿ ಸೊನ್ನೆ ಕೊಟ್ಟರು; ಹತ್ತು ಕೊಟ್ಟು ಅದನ್ನು ಸರಿದೂಗಿಸಹೊರಟವರೂ ಕಡಮೆಯಿರಲಿಲ್ಲ. ಉತ್ತರಪತ್ರಿಕೆಯ ಮೊದಲ ಹಾಳೆಯನ್ನು ನೋಡಿ ಅಂಕ ಬರೆದಿಡುವ ಪರೀಕ್ಷಕನನ್ನು ಕೆಲಸದಿಂದ ಕಳುಹಿಸಬೇಕಾಗುತ್ತದೆ. ಇಲ್ಲಿ ಹಾಳೆಯನ್ನೇ ತೆರೆಯದವರು ಎಷ್ಟು ಮಂದಿಯೋ! ಮರು ತಿಂಗಳು ಮೆಟಾಕ್ರಿಟಿಕ್‌ನವರು, ಬಿಡುಗಡೆಯಾಗಿ 36 ಗಂಟೆಗಳು ಕಳೆಯುವವರೆಗೆ ಆಟಗಾರರ ಅಭಿಪ್ರಾಯವನ್ನು ಸ್ವೀಕರಿಸುವುದಿಲ್ಲವೆಂದು ನಿಯಮ ಮಾಡಿದರು. ಒಳ್ಳೆಯದೇ, ಆದರೆ ಕಾದವನೆಲ್ಲ ಆಡಿದವನಾಗುವನೇ?

ಈ ಅಂಕಗಳು ಯಾರ ಅನ್ನವನ್ನು ಮುಟ್ಟುತ್ತವೆಂಬುದನ್ನೂ ಹೇಳಬೇಕು. 2010ರಲ್ಲಿ ಅಬ್ಸಿಡಿಯನ್ ಎಂಬ ಸಂಸ್ಥೆಯು ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟವನ್ನು ರಚಿಸಿತು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಹೆಚ್ಚಿನ ಸಂಭಾವನೆ ಸಿಗತಕ್ಕದ್ದೆಂದು ಒಪ್ಪಂದವಿತ್ತು. ಬಂದದ್ದು 84. ಆ ಸಂಸ್ಥೆಯ ಹಿರಿಯರೊಬ್ಬರು 2012ರಲ್ಲಿ ಇದನ್ನು ಹೊರಗೆಡಹಿದರು. ಒಂದು ಅಂಕದಿಂದ ತೇರ್ಗಡೆ ತಪ್ಪಿದ ಹುಡುಗಿಯ ತಾಯಿಯು ನಮ್ಮ ಮೇಜಿನ ಮುಂದೆ ನಿಂತಾಗ ಆಗುವ ಸಂಕಟವನ್ನು ನಾವು ಬಲ್ಲೆವು. ಹಾಗೆಂದು ವಿಮರ್ಶಕನು ಕನಿಕರದಿಂದ ಅಂಕ ಕೂಡಿಸಬೇಕೆಂದು ನಾವು ಹೇಳುವುದಿಲ್ಲ. ಕೂಲಿಯನ್ನು ಅಂಕಕ್ಕೆ ಕಟ್ಟಿದವರೇ ಅಲ್ಲಿ ತಪ್ಪಿತಸ್ಥರು. ವಿಮರ್ಶಕರ ಅನ್ನವೂ ಭದ್ರವೇನಲ್ಲ. ಜೆಫ್ ಗರ್ಸ್ಟ್‌ಮನ್ ಎಂಬವರು 2007ರಲ್ಲಿ ಗೇಮ್‌ಸ್ಪಾಟ್ ಎಂಬ ತಾಣದಲ್ಲಿ, ಅದರ ಜಾಹೀರಾತುದಾರರ ಆಟವೊಂದಕ್ಕೆ ಹತ್ತಕ್ಕೆ ಆರು ಕೊಟ್ಟ ಬಳಿಕ ಕೆಲಸವನ್ನು ಕಳೆದುಕೊಂಡರು. ಅಂಥ ಅಂಕಗಳೇ ಕಾರಣವೆಂದು ಬಾಯಿಬಿಟ್ಟು ಹೇಳಲು ಅವರಿಗೆ 2012ರವರೆಗೆ ಸಾಧ್ಯವಾಗಲಿಲ್ಲ. ಆದಕಾರಣ, ಪ್ರತಿಯನ್ನು ಯಾರು ಕೊಟ್ಟರು, ಪುಟದ ಖರ್ಚನ್ನು ಯಾರು ವಹಿಸಿದರು ಎಂಬುದನ್ನು ತಿಳಿಯಬಯಸುವ ಓದುಗರನ್ನು ಸಂಶಯಗ್ರಸ್ತರೆಂದು ಜರೆಯುವುದು ಯುಕ್ತವಲ್ಲ.

ನಾವು ಖಂಡಿಸಿದ ಆಟದ ಸಂಗತಿ ಉಳಿಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಎರಡು ಭಾನುವಾರ ಸಂಜೆ ಕುಳಿತು ಅದನ್ನು ನೋಡಿದೆವು. ನಮ್ಮ ಕೈಯಿಂದಲೂ ತುಸು ಆಡಿದೆವು. (ಬೆರಳುಗಳು ಹೇಳಿದಂತೆ ಕೇಳಲಿಲ್ಲ, ಮಕ್ಕಳು ನಕ್ಕರು.) ಹೊಡೆದಾಟವು ಈಗಲೂ ನಮಗೆ ಹೆಚ್ಚೆಂದೇ ತೋರುತ್ತದೆ. ಆದರೆ “ಮತ್ತೇನೂ ಇಲ್ಲ” ಎಂದದ್ದು ಸುಳ್ಳಾಗಿತ್ತು: ಅದರಲ್ಲಿ ಕಥೆಯಿತ್ತು, ಸಂಗೀತವಿತ್ತು, ಗಾಯಗೊಂಡ ಗೆಳತಿಯನ್ನು ಬಿಟ್ಟುಹೋಗಬೇಕೇ ಬೇಡವೇ ಎಂದು ನಿರ್ಧರಿಸಬೇಕಾದ ಸಂದರ್ಭವೂ ಇತ್ತು. ಮರು ಸೋಮವಾರದ ಸಭೆಯಲ್ಲಿ ಇಷ್ಟನ್ನೂ ಹೇಳಿ ನಮ್ಮ ಹಿಂದಿನ ಮಾತನ್ನು ತಿದ್ದಿಕೊಂಡೆವು.

ಈಗ ನಮ್ಮ ಶಾಲೆಯ ಗೋಡೆಪತ್ರಿಕೆಗೆ ಆಟಗಳ ಕುರಿತು ಬರೆಯುವ ಬಾಲಿಕೆಯರು, ಯಾವ ಯಂತ್ರದಲ್ಲಿ, ಎಷ್ಟು ಹೊತ್ತು, ಯಾರ ಹಣದಿಂದ ಆಡಿದೆವೆಂಬುದನ್ನು ಮೊದಲ ಸಾಲಿನಲ್ಲಿ ಬರೆಯಬೇಕೆಂದು ಗೊತ್ತುಮಾಡಿದ್ದೇವೆ. ಅಂಕ ಕೊಡುವಂತಿಲ್ಲ. ಕಳೆದ ತಿಂಗಳ ಬರಹವೊಂದು ಹೀಗೆ ಆರಂಭವಾಗಿತ್ತು: “ಅಣ್ಣನ ಫೋನಿನಲ್ಲಿ ನಾಲ್ಕು ಗಂಟೆ ಆಡಿದೆನು, ಅಷ್ಟರಲ್ಲಿ ಅಮ್ಮ ಅದನ್ನು ಕಸಿದುಕೊಂಡರು. ಮುಂದಿನದು ಚೆನ್ನಾಗಿದೆಯೋ ಇಲ್ಲವೋ ನಾನು ಹೇಳಲಾರೆನು.”