ಜೇಡಕ್ಕೆ ಕುಲ ದೊರೆಯಿತು, ನೆಲಕ್ಕೆ?

ಪ್ರಾಣಿಶಾಸ್ತ್ರದ ಜಾಗತಿಕ ನಾಮಾವಳಿಗೆ 2024ರಲ್ಲಿ ಕನ್ನಡದ ಪದವೊಂದು ಸೇರ್ಪಡೆಯಾಯಿತು. ಜಿಗಿಯುವ ಜೇಡಗಳ ಹೊಸ ಕುಲವೊಂದನ್ನು 'ಝೂಕೀಸ್' ಪತ್ರಿಕೆಯಲ್ಲಿ ವಿವರಿಸಿದ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಕೃಷ್ಣಮೇಘ ಕುಂಟೆ ಅವರು ಅದಕ್ಕೆ 'ತೆಂಕಣ' ಎಂದು ಹೆಸರಿಟ್ಟರು. ದಕ್ಷಿಣ ಭಾರತ ಹಾಗೂ ಶ್ರೀಲಂಕಾದಲ್ಲಿ ವಾಸಿಸುವ ಈ ಜೇಡಗಳಿಗೆ ಅದು ಒಪ್ಪುವ ಹೆಸರು.

ಜೇಡಗಳಲ್ಲಿಯೇ ಅತಿ ದೊಡ್ಡದಾದ ಈ ಕುಟುಂಬದಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅಲ್ಲಿ ಹೊಸ ಕುಲವನ್ನು ಸ್ಥಾಪಿಸುವುದೆಂದರೆ ಹೊಸ ಜೀವಿಯೊಂದನ್ನು ಕಂಡುದಷ್ಟೇ ಅಲ್ಲ, ಹಳೆಯ ದಾಖಲೆಯನ್ನು ತಿದ್ದುವುದೂ ಹೌದು. ತೆಂಕಣದ 'ಮನು' ಮತ್ತು 'ಅರ್ಕಾವತಿ' ಪ್ರಭೇದಗಳು ಮೊದಲೇ ಪರಿಚಿತವಾಗಿದ್ದು, ಬೇರೊಂದು ಕುಲದಲ್ಲಿ ನಮೂದಾಗಿದ್ದವು. ದೇಹರಚನೆಯ ಜೊತೆಗೆ ವಂಶವಾಹಿಗಳನ್ನೂ ಹೋಲಿಸಿ ನೋಡಿದಾಗ ಅವುಗಳ ವಂಶವೇ ಪ್ರತ್ಯೇಕವೆಂದು ತಿಳಿಯಿತು. ಕರ್ನಾಟಕದಲ್ಲಿ ದೊರೆತ 'ಜಯಮಂಗಲಿ' ಹೊಸ ಪ್ರಭೇದ. ಅರ್ಕಾವತಿ, ಜಯಮಂಗಲಿ ಎರಡೂ ನಮ್ಮ ಬಯಲುಸೀಮೆಯ ನದಿಗಳ ಹೆಸರುಗಳು.

ಆಡಳಿತದಲ್ಲಿ ಬಹುಕಾಲ ಕಳೆದ ನನ್ನ ಗಮನ ಸೆಳೆದದ್ದು ಈ ಜೇಡಗಳ ವಾಸಸ್ಥಾನ. ಹತ್ತಿರದ ಸಂಬಂಧಿಗಳು ಕಾಡನ್ನು ಬಯಸಿದರೆ, ಇವುಗಳಿಗೆ ಒಣಪ್ರದೇಶದ ನೆಲವೇ ಪ್ರಿಯ. ಅಂಥ ನೆಲಕ್ಕೆ ನಾವು ಕೊಟ್ಟಿರುವ ಹೆಸರೇನು? ಸಾಗುವಳಿಗೆ ಬಾರದ್ದನ್ನು ಪಹಣಿ 'ಖರಾಬು' ಎನ್ನುತ್ತದೆ. ಕೇಂದ್ರ ಸರ್ಕಾರದ ಬಂಜರುಭೂಮಿ ನಕಾಶೆ ಕುರುಚಲು ನೆಲವನ್ನೂ ಬಂಜರಿನ ಲೆಕ್ಕಕ್ಕೆ ಸೇರಿಸುತ್ತದೆ. ವರ್ಗೀಕರಣ ನಿರಪಾಯಕಾರಿ ಕೆಲಸವಲ್ಲ. ಒಮ್ಮೆ ಬಂಜರೆಂದು ಬರೆದರೆ, ಅರ್ಥಶಾಸ್ತ್ರದ ಭಾಷೆಯಲ್ಲಿ ಆ ನೆಲದ ಅವಕಾಶ ವೆಚ್ಚ ಶೂನ್ಯವಾಗುತ್ತದೆ. ಯಾವ ಯೋಜನೆಗೆ ಜಾಗ ಬೇಕಾದರೂ ಕಡತ ಮೊದಲು ಅದರತ್ತಲೇ ಬೆರಳು ತೋರಿಸುತ್ತದೆ.

ಒಂದು ಜೇಡಕ್ಕಾಗಿ ಅಭಿವೃದ್ಧಿಯನ್ನು ನಿಲ್ಲಿಸಬೇಕೆಂದು ಯಾರೂ ವಾದಿಸುತ್ತಿಲ್ಲ. ಆದರೆ ಲೆಕ್ಕ ಹಾಕದೆ ಬೆಲೆ ಕಟ್ಟುವುದು ಯಾವ ಅರ್ಥಶಾಸ್ತ್ರ? 2002ರ ಜೀವವೈವಿಧ್ಯ ಕಾಯ್ದೆಯು ಹೊಸದಾಗಿ ಪತ್ತೆಯಾದ ಜೀವಿಯ ಮಾದರಿಯನ್ನು ನಿಗದಿತ ಸಂಸ್ಥೆಯಲ್ಲಿ ಇರಿಸಬೇಕೆನ್ನುತ್ತದೆ. ಅದೇ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೂ ಇವೆ. ಖರಾಬು, ಗೋಮಾಳಗಳನ್ನು ಅನ್ಯ ಉದ್ದೇಶಕ್ಕೆ ನೀಡುವ ಮುನ್ನ ಮಳೆಗಾಲ, ಬೇಸಿಗೆಗಳೆರಡರಲ್ಲೂ ಅಲ್ಲಿನ ಜೀವಿಗಳ ಸಮೀಕ್ಷೆ ನಡೆಸಿ, ಸಮಿತಿಯ ಅಭಿಪ್ರಾಯವನ್ನು ಕಡತಕ್ಕೆ ಲಗತ್ತಿಸುವುದು ಕಡ್ಡಾಯವಾಗಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ವಿಜ್ಞಾನಿಗಳು ಹೊಸ ಪುರಾವೆ ಕಂಡೊಡನೆ ತಮ್ಮ ಪಟ್ಟಿಯನ್ನು ತಿದ್ದಿಕೊಂಡರು. ಕಂದಾಯ ದಾಖಲೆಗೂ ಅಷ್ಟು ವಿನಯ ಬರಬೇಕಾಗಿದೆ.