ಹಳೆಯ ಗಿಟಾರಿನೊಳಗಿನ ಬೀಟೆ

ನೆಲಮಂಗಲ ತಾಲ್ಲೂಕಿನ ಸೋಂಪುರದ ವಿದ್ಯಾರ್ಥಿಯೊಬ್ಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ಕೊಳ್ಳಲು ಹೊರಟನೆನ್ನೋಣ. ಅವನ ಮುಂದಿರುವುದು ಎರಡು ದಾರಿ: ಅಂಗಡಿಯಲ್ಲಿ ಹೊಳೆಯುವ ಹೊಸ ವಾದ್ಯ, ಇಲ್ಲವೆ ಬಣ್ಣ ಸವೆದು, ಒಂದೆರಡು ದುರಸ್ತಿ ಕಂಡ ಹಳೆಯ ವಾದ್ಯ. ಎರಡನೆಯದನ್ನು ಬಡವನ ಆಯ್ಕೆಯೆಂದು ಹೀಗಳೆಯುವುದು ರೂಢಿ. ಮಲೆನಾಡಿನವರಾದರೂ ಹಾಗೆ ಹೀಗಳೆಯಬಾರದು.

ಕಾರಣ ಆ ವಾದ್ಯದ ಕತ್ತಿನಲ್ಲೇ ಇದೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಬೇಸ್ ಗಿಟಾರಿನ ಕತ್ತು ಮೇಪಲ್ ಮರದ್ದಾಗಿತ್ತು. ಮುಂದೆ ಬೆರಳೊತ್ತುವ ಪಟ್ಟಿಗೆ ರೋಸ್‌ವುಡ್ ಬಂತು. ಇಂದು ಅನೇಕ ಗಿಟಾರುಗಳಲ್ಲಿರುವ ಭಾರತೀಯ ರೋಸ್‌ವುಡ್ ಬೇರೇನಲ್ಲ, ಘಟ್ಟದ ಕಾಡುಗಳ ಬೀಟೆ. ಅದರ ಕಪ್ಪು ಚೇಗು ಬಲಿಯಲು ದಶಕಗಳೇ ಬೇಕು.

ವನ್ಯಸಂಪತ್ತಿನ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2017ರ ಜನವರಿಯಲ್ಲಿ ಬೀಟೆಯ ಕುಲವನ್ನೆಲ್ಲ ತನ್ನ ನಿಗಾದೊಳಗೆ ತಂದಿತು. 2019ರ ನವೆಂಬರಿನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಸಂಗೀತಗಾರರ ಅಲೆದಾಟ ತಪ್ಪಿದ್ದು ನ್ಯಾಯವೇ. ಆದರೆ ಕಾಗದ ಕೇಳುವವರಿಲ್ಲದಲ್ಲಿ ವಿವೇಚನೆಯ ಹೊಣೆ ಕೊಳ್ಳುವವನದೇ ಆಗುತ್ತದೆ.

ಹಳೆಯದೆಲ್ಲ ಒಳ್ಳೆಯದಲ್ಲ ಎಂಬುದೂ ನಿಜ. ಬೇಸ್ ಗಿಟಾರಿನ ನಾಲ್ಕು ತಂತಿಗಳು ಒಟ್ಟಾಗಿ ಸುಮಾರು 70ರಿಂದ 80 ಕಿಲೋಗ್ರಾಂ ಬಲದಿಂದ ಕತ್ತನ್ನು ಎಳೆಯುತ್ತವೆ. ಈ ಸೆಳೆತಕ್ಕೆ ಎದುರು ನಿಲ್ಲುವುದು ಒಳಗಿನ ಉಕ್ಕಿನ ಸರಳು. ಕತ್ತು ತಿರುಚಿದ್ದರೆ, ಸರಳು ತಿರುಗದಿದ್ದರೆ, ಬಿರುಕನ್ನು ಬಣ್ಣದಡಿ ಮುಚ್ಚಿದ್ದರೆ ಅದನ್ನು ಬಿಡುವುದೇ ಲೇಸು. ಸವೆದ ಲೋಹದ ಮೆಟ್ಟಿಲುಗಳನ್ನು ಬದಲಿಸಬಹುದು. ಗರಗರ ಸದ್ದಿನ ಗುಂಡಿಗಳನ್ನು ಶುಚಿಗೊಳಿಸಬಹುದು. ಚೆನ್ನಾಗಿ ಅಂಟಿಸಿದ ಬಿರುಕು ವರ್ಷಗಟ್ಟಲೆ ಬಾಳುತ್ತದೆ. ಮಾರುವವನು ಮುಚ್ಚಿಡದೆ ಹೇಳಿದ ದುರಸ್ತಿ ದೋಷವಲ್ಲ, ವಾದ್ಯದ ಚರಿತ್ರೆ.

ಈ ವಿವೇಕ ಸೋಂಪುರದ ಸೀಮೆಗೆ ಹೊಸದೇನಲ್ಲ. ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಹಲಸಿನ ಮರದ ವೀಣೆಗಳಿಗೆ ಹೆಸರಾದ ಹಳ್ಳಿ. ವೀಣೆಯ ಮೇಣ ಸಡಿಲಿದರೆ, ಮೆಟ್ಟಿಲು ಸವೆದರೆ ಮತ್ತೆ ಕೂರಿಸಿ ನುಡಿಸುತ್ತಾರೆ. ಸವೆಯಿತೆಂದು ವೀಣೆಯನ್ನು ಯಾರೂ ಒಲೆಗಿಡುವುದಿಲ್ಲ. ಗಿಟಾರಿಗೇಕೆ ಬೇರೆ ನ್ಯಾಯ?

ಒಂದು ಹಳೆಯ ಗಿಟಾರಿನಿಂದ ಕಾಡು ಉಳಿದುಬಿಡುವುದಿಲ್ಲ. ಆದರೂ ಕಡಿದ ಮರಕ್ಕೆ ಸಲ್ಲಬೇಕಾದ ಕನಿಷ್ಠ ಮರ್ಯಾದೆಯೆಂದರೆ, ಅದನ್ನು ಅದರ ಆಯುಷ್ಯದುದ್ದಕ್ಕೂ ಬಳಸುವುದು. ಬೀಟೆಯ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿ ಬರಬಾರದು.